ಡೆಮೊ ಒಂದು ಕಡೆ, ಆಲ್ಬಂ ಇನ್ನೊಂದು ಕಡೆ: 'ನೆವರ್‌ಮೈಂಡ್' ಕೇಳಲು ಕಟ್ಟಿದ ಸ್ವಿಚ್ ಪೆಟ್ಟಿಗೆ

ರಾಕ್ ಸಂಗೀತ ಕೇಳುವವರು ನಾಲ್ವರು ಸೇರಿ ಅಮೆರಿಕದ ನಿರ್ವಾಣ ತಂಡದ ಮಾತು ತೆಗೆದರೆ ಒಂದು ದೂರು ತಪ್ಪದೆ ಬರುತ್ತದೆ: 'ನೆವರ್‌ಮೈಂಡ್' ಆಲ್ಬಂಗೆ ಹೊಳಪು ಹೆಚ್ಚಾಯಿತು, ಡೆಮೊದಲ್ಲಿದ್ದ, ಅಂದರೆ ಆಲ್ಬಂಗೆ ಮುಂಚಿನ ಪ್ರಾಯೋಗಿಕ ಮುದ್ರಣದಲ್ಲಿದ್ದ, ಕಸುವು ಹೋಯಿತು. ಹಾಡಿದ ಕರ್ಟ್ ಕೋಬೇನ್ ಅವರೇ ಮುಂದೆ, ಇದು ಪಂಕ್ ಆಲ್ಬಂಗಿಂತ ಥಳುಕಿನ ಮೆಟಲ್ ಸಂಗೀತದ ಮಾಟ್ಲಿ ಕ್ರೂ ತಂಡದ ಆಲ್ಬಂಗೆ ಹತ್ತಿರವಾಗಿದೆ ಎಂಬ ಧಾಟಿಯಲ್ಲಿ ಗೊಣಗಿದ್ದರು. ತಪ್ಪನ್ನೆಲ್ಲ ಸಾಮಾನ್ಯವಾಗಿ ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ವಾದ್ಯ ಮತ್ತು ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ ಮಾಡಿದ ಆಂಡಿ ವಾಲೇಸ್ ಅವರ ತಲೆಗೆ ಕಟ್ಟಲಾಗುತ್ತದೆ. ಈ ಆರೋಪವನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ. ಹಾಡೊಂದು ಡೆಮೊದಿಂದ ಆಲ್ಬಂವರೆಗೆ ಬರುವ ಹೊತ್ತಿಗೆ ಹತ್ತು ಕೈ ದಾಟಿರುತ್ತದೆ. ಕೊನೆಯ ಕೈಯನ್ನೇ ಹಿಡಿದು ಬಯ್ಯುವುದು ಸುಲಭ, ಅಷ್ಟೆ.

ಪರೀಕ್ಷೆಗೆ ಬೇಕಾದ ಸರಕು 2011ರಿಂದ ಕೈಗೆಟಕುವಂತಿದೆ. ಆಲ್ಬಂಗೆ ಇಪ್ಪತ್ತು ವರ್ಷ ತುಂಬಿದಾಗ ಬಂದ ದೊಡ್ಡ ಆವೃತ್ತಿಯಲ್ಲಿ ಮೂರು ಬಗೆಯ ಹಳೆಯ ಧ್ವನಿಮುದ್ರಣಗಳಿವೆ. ಮೊದಲನೆಯದು 1990ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಸ್ಮಾರ್ಟ್ ಸ್ಟುಡಿಯೋಸ್‌ನಲ್ಲಿ ನಿರ್ಮಾಪಕ ಬುಚ್ ವಿಗ್ ಮುದ್ರಿಸಿದ್ದು. ಆಗ ಡ್ರಮ್ ಬಾರಿಸುತ್ತಿದ್ದವರು ಚಾಡ್ ಚಾನಿಂಗ್, ಬಾಸ್ ಕ್ರಿಸ್ಟ್ ನೊವೊಸೆಲಿಚ್ ಅವರದು. ಎರಡನೆಯದು, ಹೊಸ ಡ್ರಮ್ಮರ್ ಡೇವ್ ಗ್ರೋಲ್ ಬಂದ ಮೇಲೆ ಅಭ್ಯಾಸದ ಕೊಠಡಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್. ಮೂರನೆಯದು, ಲಾಸ್ ಏಂಜಲೀಸ್ ನಗರದ ವ್ಯಾನ್ ನೈಸ್‌ನ ಸೌಂಡ್ ಸಿಟಿ ಸ್ಟುಡಿಯೋದಲ್ಲಿ 1991ರಲ್ಲಿ ಮುದ್ರಿಸಿದ ಆಲ್ಬಂನ ಹಾಡುಗಳಿಗೆ ವಿಗ್ ತಾವೇ ಮಾಡಿದ ಮಿಕ್ಸ್. ಇದಕ್ಕೆ ಡೆವನ್‌ಶೈರ್ ಮಿಕ್ಸ್ ಎಂದು ಹೆಸರು. ಇದು ಯಾರಿಗೂ ಒಪ್ಪಿಗೆಯಾಗದೆ ಕೆಲಸ ವಾಲೇಸ್ ಕೈಗೆ ಹೋಯಿತು. 1991ರ ಸೆಪ್ಟೆಂಬರ್ 24ರಂದು ಅಂಗಡಿಗೆ ಬಂದದ್ದು ಅವರ ಮಿಕ್ಸ್.

ಹೀಗಾಗಿ ಮೂರು ಮೆಟ್ಟಿಲು ಸಿಕ್ಕವು. ಸ್ಮಾರ್ಟ್‌ನಿಂದ ಡೆವನ್‌ಶೈರ್‌ಗೆ ಹೋಗುವಾಗ ಬದಲಾದದ್ದು ಡ್ರಮ್ಮರ್, ಸ್ಟುಡಿಯೋ ಮತ್ತು ಹಾಡಿಕೆ. ಡೆವನ್‌ಶೈರ್‌ನಿಂದ ಆಲ್ಬಂಗೆ ಬರುವಾಗ ಬದಲಾದದ್ದು ಮಿಕ್ಸಿಂಗ್ ಮತ್ತು ಅದರ ಮೇಲಿನ ಮಾಸ್ಟರಿಂಗ್ (ಅಂಗಡಿಗೆ ಹೋಗುವ ಮುನ್ನ ಸದ್ದಿಗೆ ಕೊಡುವ ಕೊನೆಯ ಹದ) ಮಾತ್ರ. ಮೊದಲ ಅಂತರ ದೊಡ್ಡದೋ ಎರಡನೆಯದೋ ಎಂದು ಕಿವಿಯಿಂದಲೇ ತೀರ್ಮಾನಿಸಬೇಕಿತ್ತು. ಒಂದು ಹಾಡು ಮುಗಿಸಿ ಇನ್ನೊಂದು ಹಾಕಿದರೆ ಆಗುವ ಕೆಲಸವಲ್ಲ ಇದು. ಸದ್ದಿನ ಸೂಕ್ಷ್ಮ ನೆನಪಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಿ, ಮಧ್ಯೆ ಥಟ್ಟನೆ ಬದಲಿಸುವ ವ್ಯವಸ್ಥೆ ಬೇಕಿತ್ತು.

ಪೆಟ್ಟಿಗೆ

ಕಂಪ್ಯೂಟರಿನಲ್ಲೇ ಮೌಸ್ ಒತ್ತಿ ಬದಲಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬದಲಿಸಬಹುದು, ಆದರೆ ಪರದೆಯ ಮೇಲೆ ಸದ್ದಿನ ಅಲೆಯ ಚಿತ್ರ ಕಾಣುತ್ತಿರುತ್ತದೆ. ದಪ್ಪ ಅಲೆ ಕಂಡ ಕೂಡಲೇ ಕಿವಿ 'ಇದು ಆಲ್ಬಂ' ಎಂದು ಮೊದಲೇ ತೀರ್ಪು ಬರೆದುಬಿಡುತ್ತದೆ. ಅದಕ್ಕೇ ಪರದೆ ಆರಿಸಿ, ಕೈಯಲ್ಲಿ ಹಿಡಿಯುವ ಗುರುತಿಲ್ಲದ ಸ್ವಿಚ್ಚೇ ಆಗಬೇಕೆಂದು ಹಟ ಹಿಡಿದೆ.

ಸಾಮಾನು ಹೆಚ್ಚಿಲ್ಲ. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸುವ ಆರು ಕಾಲಿನ ಡಿಪಿಡಿಟಿ ಟಾಗಲ್ ಸ್ವಿಚ್ ಒಂದು, ಆರು ಆರ್‌ಸಿಎ ಸಾಕೆಟ್, ಒಂದಿಷ್ಟು ಶೀಲ್ಡ್ ವೈರ್, 100 ಕಿಲೋ ಓಮ್‌ನ ಕೆಲವು ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಸ್ವಿಚ್ ಕೊಳ್ಳುವಾಗ ಅಲ್ಲೇ ನಾಲ್ಕಾರು ಸಲ ಒತ್ತಿ ನೋಡಬೇಕು, ಸಡಿಲವಿದ್ದರೆ ಎಡಗಡೆಯ ಸದ್ದು ಒಮ್ಮೊಮ್ಮೆ ಕೈಕೊಡುತ್ತದೆ. ಮೇಲುಹೊದಿಕೆಗೆ ಬಿಸ್ಕತ್ತಿನ ತಗಡಿನ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ಬೇಡ. ತಗಡಾದರೆ ಸುತ್ತಲಿನ ವಿದ್ಯುತ್ ಕಿರಿಕಿರಿಯನ್ನು ಹೊರಗೇ ತಡೆಯುತ್ತದೆ.

ಜೋಡಣೆ ಸರಳ. ಸ್ವಿಚ್ಚಿನ ಮಧ್ಯದ ಎರಡು ಕಾಲು ಆಂಪ್ಲಿಫೈಯರ್‌ಗೆ, ಎಡ ಬಲ ಒಂದೊಂದು. ಮೇಲಿನ ಜೋಡಿ ಕಾಲಿಗೆ ಮೊದಲ ಮೂಲ, ಕೆಳಗಿನ ಜೋಡಿಗೆ ಎರಡನೆಯದು. ಎಲ್ಲ ಸಾಕೆಟ್‌ಗಳ ಗ್ರೌಂಡ್ ತಂತಿಗಳು ಒಂದೇ ಕಡೆ ಸೇರಿ, ಅಲ್ಲಿಂದ ಡಬ್ಬಿಗೆ ಒಂದೇ ಬೆಸುಗೆ. ತಗಡಿಗೆ ಬೆಸುಗೆ ಹಿಡಿಯಬೇಕಾದರೆ ಮೊದಲು ಬಣ್ಣದ ಲೇಪ ಕೆರೆದು ಲೋಹ ಮಿಂಚುವಂತೆ ಮಾಡಬೇಕು. ಇಲ್ಲವಾದರೆ ಸೀಸ ಉಂಡೆಯಾಗಿ ಉರುಳಿ ಹೋಗುತ್ತದೆ.

ಸ್ವಿಚ್ ಒತ್ತಿದಾಗ ಸ್ಪೀಕರಿನಲ್ಲಿ 'ಪಟ್' ಎಂಬ ಏಟು ಕೇಳಿತು. ಈ ಬಗೆಯ ಸ್ವಿಚ್ ಮೊದಲ ಸಂಪರ್ಕ ಬಿಟ್ಟ ಮೇಲೆಯೇ ಎರಡನೆಯದನ್ನು ಹಿಡಿಯುವುದು. ಆ ಕ್ಷಣಾರ್ಧದಲ್ಲಿ ಆಂಪ್ಲಿಫೈಯರ್‌ನ ಬಾಯಿಗೆ ಏನೂ ಸಿಗದೆ ತೂಗಾಡುತ್ತದೆ. ಮೂಲದ ಕಡೆ ಸಣ್ಣ ಡಿಸಿ ವೋಲ್ಟೇಜ್ ಉಳಿದಿದ್ದರೆ ಅದೂ ಒಮ್ಮೆಲೇ ಒಳನುಗ್ಗುತ್ತದೆ. ಒಳಬರುವ ನಾಲ್ಕು ತಂತಿಗೂ ಹೊರಹೋಗುವ ಎರಡಕ್ಕೂ ಗ್ರೌಂಡ್‌ಗೆ ಒಂದೊಂದು 100 ಕಿಲೋ ಓಮ್ ರೆಸಿಸ್ಟರ್ ಹಾಕಿದ ಮೇಲೆ ಏಟು ಕೇಳದಷ್ಟು ಕಡಿಮೆಯಾಯಿತು. ಹಿನ್ನೆಲೆಯಲ್ಲಿ ಉಳಿದಿದ್ದ 'ಗುಂಯ್' ಸದ್ದು ಪೆಟ್ಟಿಗೆಯದಲ್ಲ, ಲ್ಯಾಪ್‌ಟಾಪ್ ಚಾರ್ಜರ್‌ನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ, ನಿಂತಿತು.

ಲ್ಯಾಪ್‌ಟಾಪಿಗೆ ನಾಲ್ಕು ಹೊರದಾರಿಗಳಿರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಜೋಡಿಸಿದ್ದೇನೆ. ಒಂದು ಎರಡರಲ್ಲಿ ಡೆಮೊ, ಮೂರು ನಾಲ್ಕರಲ್ಲಿ ಆಲ್ಬಂ. ರೀಪರ್ ತಂತ್ರಾಂಶದಲ್ಲಿ ಎರಡೂ ಒಟ್ಟಿಗೆ ಓಡುತ್ತವೆ, ಆಯ್ಕೆ ಪೆಟ್ಟಿಗೆಯಲ್ಲಿ.

ಸದ್ದು ಸಮ ಮಾಡುವುದು

ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ಒಂದು ಡೆಸಿಬೆಲ್ ಜೋರಾಗಿರುವುದನ್ನು ಕಿವಿ 'ಜೋರು' ಎನ್ನುವುದಿಲ್ಲ, 'ಚೆನ್ನಾಗಿದೆ' ಎನ್ನುತ್ತದೆ. 2011ರ ಆವೃತ್ತಿಯ ಹಾಡುಗಳು ಆ ಕಾಲದ ರೂಢಿಯಂತೆ ಜೋರಾಗಿ ಮಾಸ್ಟರ್ ಆದವು, 1991ರ ಸಿ.ಡಿ. ಅಷ್ಟು ಜೋರಿಲ್ಲ. ಹಾಗಾಗಿ ಆಲ್ಬಂಗೆ 1991ರ ಸಿ.ಡಿ.ಯನ್ನೇ ಇಟ್ಟುಕೊಂಡು ಎಲ್ಲವನ್ನೂ ಯುರೋಪಿನ ಪ್ರಸಾರ ಸಂಸ್ಥೆಗಳು ಬಳಸುವ ಮಟ್ಟಕ್ಕೆ, ಅಂದರೆ ಮೈನಸ್ 23 ಎಲ್‌ಯುಎಫ್‌ಎಸ್‌ಗೆ ಇಳಿಸಿದೆ. ಕಿವಿಗೆ ಸದ್ದು ಎಷ್ಟು ಜೋರೆಂದು ಅಳೆಯುವ ಮಾನ ಅದು. ಇಳಿಸುವುದು ಮಾತ್ರ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಏರಿಸಿದರೆ ಶಿಖರಗಳು ಕತ್ತರಿಸಿಹೋಗುವ ಅಪಾಯ.

ಇಡೀ ಹಾಡಿನ ಸರಾಸರಿ ಹಿಡಿದರೆ ಈ ತಂಡಕ್ಕೆ ಸರಿಹೊಂದುವುದಿಲ್ಲ. ಚರಣ ಪಿಸುಮಾತು, ಪಲ್ಲವಿ ಅಬ್ಬರ. ಇವರ ಹಾಡಿನ ಕಟ್ಟೇ ಅದು. ಎರಡರ ನಡುವಿನ ಅಂತರವೇ ಹೋಲಿಸಬೇಕಾದ ಸಂಗತಿಯಾದ್ದರಿಂದ ಪಲ್ಲವಿಯನ್ನಷ್ಟೇ ಆಯ್ದು ಸಮ ಮಾಡಿದೆ. ಚರಣ ಎಲ್ಲಿ ಕೂರುತ್ತದೋ ಅಲ್ಲಿ ಕೂರಲಿ ಎಂದು ಬಿಟ್ಟೆ.

'ಇನ್ ಬ್ಲೂಮ್'

ಮೊದಲು ಹಾಕಿದ್ದು ಇದನ್ನು. ಸ್ಮಾರ್ಟ್‌ನ ಮುದ್ರಣವನ್ನು ಡೆಮೊ ಎಂದು ಕರೆಯುವುದೇ ಅರ್ಧ ಸುಳ್ಳು. ಸಬ್ ಪಾಪ್ ಕಂಪನಿಗಾಗಿ ತಂಡದ ಎರಡನೇ ಆಲ್ಬಂ ಮಾಡಲೆಂದೇ ಅಲ್ಲಿಗೆ ಹೋಗಿದ್ದರು. ತಂಡ ಕಂಪನಿ ಬದಲಿಸಿ ಡಿಜಿಸಿ ಸೇರಿದ ಮೇಲೆ ಅದು ಡೆಮೊ ಆಯಿತು. ಈ ಹಾಡಿನಲ್ಲಿ ಮೊದಲು ಮಧ್ಯೆ ಇನ್ನೊಂದು ಭಾಗವಿತ್ತು. ತಂಡಕ್ಕೆ ಅದು ಬೇಡವೆನ್ನಿಸಿ, ವಿಗ್ ಹದಿನಾರು ಟ್ರ್ಯಾಕಿನ ಮಾಸ್ಟರ್ ಟೇಪಿನಿಂದಲೇ ಅಷ್ಟನ್ನು ಬ್ಲೇಡಿನಲ್ಲಿ ಕತ್ತರಿಸಿ ಕಸಕ್ಕೆ ಹಾಕಿದರು. ಅಂದರೆ ನಾವು ಕೇಳುವ 'ಒರಟು' ಡೆಮೊಗೇ ಕತ್ತರಿ ಬಿದ್ದಾಗಿದೆ, ಅದೂ ಮರಳಿ ಜೋಡಿಸಲಾಗದಂತೆ.

ಎರಡು ಮುದ್ರಣಗಳ ವೇಗ ಒಂದೇ ಅಲ್ಲವಾದ್ದರಿಂದ ಇಡೀ ಹಾಡನ್ನು ಜೋಡಿಸಲಾಗದು. ಪಲ್ಲವಿಗೆ ಪಲ್ಲವಿ, ಚರಣಕ್ಕೆ ಚರಣ ಎಂದು ತುಂಡು ಮಾಡಿ, ಪ್ರತಿ ತುಂಡನ್ನೂ ಸುತ್ತುಸುತ್ತು ಓಡಿಸಿದೆ. ಸ್ವಿಚ್ ಒತ್ತಿದಾಗ ಮೊದಲು ತಟ್ಟುವುದು ಡ್ರಮ್. ಆದರೆ ಗಮನಿಸಿದರೆ ಬಾರಿಸುವ ನುಡಿಗಳು ಹೆಚ್ಚುಕಡಿಮೆ ಅವೇ! ಶುರುವಿನ ಹೊಡೆತ, ಚರಣದ ನಡಿಗೆ ಎಲ್ಲ ಚಾನಿಂಗ್ ಕಟ್ಟಿದ್ದು. ಗ್ರೋಲ್ ಅದನ್ನೇ ತೂಕ ಕೊಟ್ಟು ಬಾರಿಸಿದ್ದಾರೆ. 2014ರಲ್ಲಿ ತಂಡ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ ಗ್ರೋಲ್ ವೇದಿಕೆಯಲ್ಲೇ ಚಾನಿಂಗ್ ಅವರ ಋಣ ನೆನೆದದ್ದು ಇದಕ್ಕೇ. ಸೌಂಡ್ ಸಿಟಿಯ ದೊಡ್ಡ ಕೋಣೆ ಮತ್ತು ಅಲ್ಲಿನ ನೀವ್ 8028 ಕನ್ಸೋಲ್ (ಮೈಕ್‌ಗಳ ಸದ್ದನ್ನು ನಿಯಂತ್ರಿಸುವ ಮೇಜು) ಆ ತೂಕಕ್ಕೆ ಮೈ ತುಂಬಿದವು.

ಇನ್ನೊಂದು ವ್ಯತ್ಯಾಸ ಹಾಡಿಕೆಯದು. ಆಲ್ಬಂನಲ್ಲಿ ಕೋಬೇನ್ ಅವರ ಧ್ವನಿಯ ಮೇಲೆ ಅವರದೇ ಧ್ವನಿ ಇನ್ನೊಮ್ಮೆ ಕೂತಿದೆ, ಪಲ್ಲವಿಯಲ್ಲಿ ಗ್ರೋಲ್ ಮೇಲಿನ ಸ್ವರ ಹಿಡಿದಿದ್ದಾರೆ. ಒಂದೇ ಸಾಲನ್ನು ಎರಡು ಸಲ ಹಾಡುವುದು ಮೋಸವೆಂದು ಕೋಬೇನ್ ಹಿಂಜರಿದಾಗ, ಬೀಟಲ್ಸ್‌ನ ಜಾನ್ ಲೆನನ್ ಕೂಡ ಹೀಗೇ ಮಾಡುತ್ತಿದ್ದರು ಎಂದು ಹೇಳಿ ವಿಗ್ ಒಪ್ಪಿಸಿದರಂತೆ. ಜಾಣ ನಿರ್ಮಾಪಕ. ಜನ 'ಹೊಳಪು' ಎನ್ನುವುದರ ದೊಡ್ಡ ಪಾಲು ಈ ಜೋಡಿ ಧ್ವನಿಯೇ. ಇದು ಡೆವನ್‌ಶೈರ್ ಮಿಕ್ಸ್‌ನಲ್ಲೂ ಇದೆ, ಅಂದರೆ ವಾಲೇಸ್ ಬರುವ ಮುಂಚೆಯೇ ಟೇಪಿನಲ್ಲಿತ್ತು.

'ಲಿಥಿಯಂ'

ಇದರಲ್ಲಿ ವೇಗವನ್ನು ಅಳೆಯಲು ಕೂತೆ. ರೀಪರ್‌ನಲ್ಲಿ ಪ್ರತಿ ಆವರ್ತದ ಮೊದಲ ಹೊಡೆತಕ್ಕೆ ಗುರುತು ಹಾಕುತ್ತಾ ಹೋದರೆ ವೇಗದ ಏರಿಳಿತ ಗೆರೆಯಾಗಿ ಕಾಣುತ್ತದೆ. ಬೇಸರದ ಕೆಲಸ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಮ್ಮೆ ಕೈಗೆ ಹತ್ತಿದರೆ ನಿಲ್ಲಿಸಲಾಗುವುದಿಲ್ಲ. ಸ್ಮಾರ್ಟ್‌ನ ಮುದ್ರಣದಲ್ಲಿ ಗೆರೆ ಅಲುಗಾಡುತ್ತದೆ, ಅಬ್ಬರ ಬಂದಲ್ಲಿ ಕೈ ಮುಂದಕ್ಕೆ ಓಡುತ್ತದೆ. ಆಲ್ಬಂನಲ್ಲಿ ಗೆರೆ ನೆಟ್ಟಗಿದೆ, ಏಕೆಂದರೆ ಗ್ರೋಲ್ ಕಿವಿಗೆ ಕ್ಲಿಕ್ ಟ್ರ್ಯಾಕ್ (ತಾಳ ತಪ್ಪದಂತೆ ಒಂದೇ ಸಮನೆ ಬಡಿಯುವ ಸದ್ದು) ಹಾಕಿಕೊಂಡು ಬಾರಿಸಿದ್ದಾರೆ. ಸೌಂಡ್ ಸಿಟಿಯಲ್ಲೂ ತಂಡ ಮತ್ತೆ ಮತ್ತೆ ವೇಗ ಹೆಚ್ಚಿಸುತ್ತಿದ್ದುದರಿಂದ ವಿಗ್ ಸೂಚಿಸಿದ ಉಪಾಯ ಅದು. ಹಾಡು ಕೈಗೆ ಬಾರದೆ ರೇಗಿದ ಒಂದು ಸಲ ಕೋಬೇನ್ ಗಿಟಾರನ್ನೇ ಒಡೆದು ಹಾಕಿದರು. ಆ ಗದ್ದಲ ಟೇಪಿನಲ್ಲಿ ಉಳಿದು 'ಎಂಡ್‌ಲೆಸ್, ನೇಮ್‌ಲೆಸ್' ಎಂಬ ಹೆಸರಿನಲ್ಲಿ ಆಲ್ಬಂನ ಕೊನೆಯ ನಿಶ್ಶಬ್ದದ ಆಚೆ ಅಡಗಿ ಕೂತಿದೆ. ಹೊಳಪು ಹೆಚ್ಚೆನ್ನುವವರು ಅಲ್ಲಿಯವರೆಗೆ ಕೇಳುವುದಿಲ್ಲವೇನೋ.

ಹಾಡಿಕೆಯಲ್ಲಿ ಮಾತ್ರ ನನ್ನ ಮತ ಸ್ಮಾರ್ಟ್‌ಗೆ. ಈ ಹಾಡಿನಲ್ಲೇ ಕೋಬೇನ್ ಗಂಟಲು ಕೆಡಿಸಿಕೊಂಡು ಅಲ್ಲಿನ ಮುದ್ರಣ ನಿಲ್ಲಿಸಬೇಕಾಯಿತು. ಪಲ್ಲವಿಯ ಕೊನೆಗೆ ಧ್ವನಿ ಸೀಳಿಹೋಗುವುದು ಪೆಟ್ಟಿಗೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆಲ್ಬಂನಲ್ಲಿ ಅದೇ ಜಾಗದಲ್ಲಿ ಧ್ವನಿ ಗಟ್ಟಿಯಾಗಿ ನಿಂತಿದೆ. ಸರಿಯಾಗಿದೆ, ಆದರೆ ಅಪಾಯ ಕಡಿಮೆ.

'ಇಮ್ಮೋಡಿಯಂ' ಎಂದು, ಭೇದಿ ನಿಲ್ಲಿಸುವ ಮಾತ್ರೆಯ ಹೆಸರಿದ್ದ ಹಾಡು ಆಲ್ಬಂನಲ್ಲಿ 'ಬ್ರೀಡ್' ಆಯಿತು. 'ಪೇ ಟು ಪ್ಲೇ' ಸಾಹಿತ್ಯ ಬದಲಿಸಿಕೊಂಡು 'ಸ್ಟೇ ಅವೇ' ಆಯಿತು. ಇವೆರಡರಲ್ಲೂ ಕಥೆ ಬೇರೆಯೇನಿಲ್ಲ, ಡ್ರಮ್ ತೂಕ ಹೆಚ್ಚಿದೆ.

ವಿಗ್ ಮಿಕ್ಸ್, ವಾಲೇಸ್ ಮಿಕ್ಸ್

ಹಾಡಿಕೆ ಒಂದೇ ಆದ್ದರಿಂದ ಇಲ್ಲಿ ಮಾತ್ರ ಕಣ್ಣುಕಟ್ಟಿ ಪರೀಕ್ಷಿಸುವುದಕ್ಕೆ ಅರ್ಥವಿದೆ. ಅಣ್ಣನ ಮಗಳು ಡಬ್ಬಿಯ ಹಿಂದಿನ ತಂತಿಗಳನ್ನು ತನಗೆ ತೋಚಿದಂತೆ ಅದಲುಬದಲು ಮಾಡಿ, ಯಾವುದು ಎಲ್ಲಿದೆಯೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ನಾನು ಕೇಳಿ ಹೇಳುವುದು, ಅವಳು ಚೀಟಿ ತೆಗೆಯುವುದು. "ಚಿಕ್ಕಪ್ಪ, ಎರಡೂ ಒಂದೇ ಹಾಡು ಅಲ್ಲವೇ, ಇದರಲ್ಲಿ ಏನು ಕಂಡುಹಿಡಿಯುತ್ತೀರಿ?" ಎಂದು ನಡುವೆ ಅವಳ ವಿಚಾರಣೆ ಬೇರೆ.

ಅವಳ ಪ್ರಶ್ನೆ ಅಷ್ಟೇನೂ ತಪ್ಪಲ್ಲ. ಸದ್ದು ಸಮ ಮಾಡಿದ ಮೇಲೆ ಈ ಅಂತರ ನಾನು ಎಣಿಸಿದ್ದಕ್ಕಿಂತ ಕಿರಿದು. ಪಲ್ಲವಿಯ ಅಬ್ಬರದಲ್ಲಿ ಬೇರ್ಪಡಿಸುವುದು ಕಷ್ಟ, ಚರಣದಲ್ಲಿ ಸುಲಭ. ಗುರುತು ಸಿಗುವುದು ಸ್ನೇರ್ ಡ್ರಮ್ಮಿನ ಹೊಡೆತ ಬಿದ್ದ ನಂತರ, ಹೊಡೆತದಲ್ಲಲ್ಲ. ವಿಗ್ ಮಿಕ್ಸ್‌ನಲ್ಲಿ ಸದ್ದು ಬಿದ್ದು ಅಲ್ಲೇ ನಿಲ್ಲುತ್ತದೆ, ಒಣಗಿದ ಸದ್ದು. ವಾಲೇಸ್ ಮಿಕ್ಸ್‌ನಲ್ಲಿ ಅದರ ಹಿಂದೆ ಒಂದು ಕೋಣೆ ತೆರೆದುಕೊಳ್ಳುತ್ತದೆ. ವಾಲೇಸ್ ಡ್ರಮ್ಮಿಗೆ ಸ್ಯಾಂಪಲ್‌ಗಳನ್ನು, ಅಂದರೆ ಬೇರೆಡೆ ಮುದ್ರಿಸಿಟ್ಟ ಹೊಡೆತಗಳನ್ನು, ಸೇರಿಸಿದ್ದು ಬಹುಮಟ್ಟಿಗೆ ಈ ಪ್ರತಿಧ್ವನಿಯನ್ನು ಎಬ್ಬಿಸಲಿಕ್ಕೆ. ಬಾಸ್ ಮತ್ತು ಗಿಟಾರ್ ಒಂದರ ಮೇಲೊಂದು ಬೀಳದೆ ಬೇರೆ ಬೇರೆ ನಿಂತಿರುವುದೂ ಅವರ ಕೈಚಳಕ. ವಾಲೇಸ್ ಆಯ್ಕೆಯಾದದ್ದೂ ತಮಾಷೆಯೇ. ಕಂಪನಿ ಕಳಿಸಿದ ಮಿಕ್ಸಿಂಗ್ ಮಾಡುವವರ ಪಟ್ಟಿಯಲ್ಲಿ ಬಿರುಸಿನ ಮೆಟಲ್ ಸಂಗೀತದ ಸ್ಲೇಯರ್ ತಂಡದ ಜೊತೆ ಕೆಲಸ ಮಾಡಿದ್ದವರು ಎಂದು ಕೋಬೇನ್ ಆರಿಸಿದ್ದು ಇವರನ್ನು. ಹೆಚ್ಚು ಒರಟಾಗಲೆಂದು ಕರೆಸಿದವರ ತಲೆಗೇ ಹೊಳಪಿನ ಅಪವಾದ ಬಂತು.

ಒಂದೇ 'ಪಾಲಿ'ಯನ್ನು ಅದರಿಂದಲೇ ಕಳೆದದ್ದು

ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದು. ಆಲ್ಬಂನ 'ಪಾಲಿ'ಯನ್ನು ಸೌಂಡ್ ಸಿಟಿಯಲ್ಲಿ ಮತ್ತೆ ಹಾಡಲೇ ಇಲ್ಲ. ಸ್ಮಾರ್ಟ್‌ನಲ್ಲಿ ಮುದ್ರಿಸಿದ್ದನ್ನೇ ಆಲ್ಬಂಗೆ ಸೇರಿಸಿದರು. ಐದೇ ತಂತಿಯಿದ್ದ ಅಗ್ಗದ ಗಿಟಾರು, ನಡುನಡುವೆ ಚಾನಿಂಗ್ ಅವರ ಸಿಂಬಲ್ ಹೊಡೆತ. ಆಲ್ಬಂನ ಹೆಸರಪಟ್ಟಿಯಲ್ಲಿ ಚಾನಿಂಗ್ ಹೆಸರಿಲ್ಲ. 2011ರ ಆವೃತ್ತಿಯಲ್ಲಿರುವುದು ಅದೇ ಹಾಡಿಕೆಯ ಬೇರೆ ಮಿಕ್ಸ್. ಹಾಗಾದರೆ ಒಂದರಿಂದ ಇನ್ನೊಂದನ್ನು ಕಳೆದು ನೋಡಬಹುದು.

ವಿಧಾನ ಹೀಗೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ಮೊದಲ ತಂತಿಯ ಮೀಟು ಒಂದೇ ಗೆರೆಗೆ ಬರುವಂತೆ ಸರಿಸಬೇಕು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುವುದರಿಂದ ಒಂದು ಮಾದರಿ ಎಂದರೆ 0.02 ಮಿಲಿಸೆಕೆಂಡಿಗಿಂತ ಚೂರು ಹೆಚ್ಚು, ಅಷ್ಟು ಸೂಕ್ಷ್ಮವಾಗಿ ಸರಿಸಬಹುದು. ನಂತರ ಒಂದರ ಅಲೆಯನ್ನು ತಲೆಕೆಳಗು ಮಾಡಿ ಎರಡನ್ನೂ ಕೂಡಿಸಬೇಕು. ಎರಡರಲ್ಲೂ ಒಂದೇ ಆಗಿರುವುದು ಅಳಿಸಿಹೋಗಿ, ಬೇರೆಯಾಗಿರುವುದು ಮಾತ್ರ ಉಳಿಯಬೇಕು.

ಶುರುವಿನಲ್ಲಿ ಗಿಟಾರಿನ ತಗ್ಗು ಸ್ವರ ಸೊರಗಿತು. ತುಸು ಹೊತ್ತಿನಲ್ಲೇ ಮತ್ತೆ ತುಂಬಿಕೊಂಡಿತು. ಕಾರಣ ಟೇಪು. ಟೇಪ್ ಯಂತ್ರ ಪ್ರತಿ ಸಲ ಓಡಿದಾಗಲೂ ವೇಗ ಕೂದಲೆಳೆಯಷ್ಟು ಬದಲಾಗುತ್ತದೆ. ಎರಡು ಮಿಕ್ಸ್ ಎಂದರೆ ಎರಡು ಓಟ. ಒಂದು ಮಿಲಿಸೆಕೆಂಡ್ ಸರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ: 50 ಹರ್ಟ್ಜ್‌ನ ಸ್ವರದಲ್ಲಿ ಮೂರರಲ್ಲೊಂದು ಪಾಲು ಅಳಿಯದೆ ಉಳಿಯುತ್ತದೆ, 500 ಹರ್ಟ್ಜ್‌ನ ಸ್ವರ ಅಳಿಯುವ ಬದಲು ದುಪ್ಪಟ್ಟಾಗುತ್ತದೆ. ಅದಕ್ಕೆ ಹಾಡನ್ನು ಸಾಲು ಸಾಲಾಗಿ ಕತ್ತರಿಸಿ, ಪ್ರತಿ ಸಾಲನ್ನೂ ಹೊಸದಾಗಿ ಜೋಡಿಸಿದೆ. ಆಗ ತಗ್ಗು ಸ್ವರಗಳು ಬಹುಮಟ್ಟಿಗೆ ಕರಗಿದವು. ಉಳಿದದ್ದು ತಂತಿಯ ಮೇಲೆ ಬೆರಳು ಉಜ್ಜುವ ಸದ್ದು, 'ಸ'ಕಾರಗಳ ಸೀಳು, ಸಿಂಬಲ್ಲಿನ ಅಂಚು ಮತ್ತು ಧ್ವನಿಯ ಸುತ್ತಲಿನ ತೆಳುವಾದ ಪ್ರತಿಧ್ವನಿ. ಪೂರ್ತಿ ನಿಶ್ಶಬ್ದ ಅನಲಾಗ್ ಟೇಪಿನಲ್ಲಿ ಸಾಧ್ಯವೇ ಇಲ್ಲ.

ಹಾಡಿಕೆ ಒಂದೇ ಎನ್ನಲು ಇದಕ್ಕಿಂತ ಸುಲಭದ ಗುರುತೂ ಇದೆ. ನಡುವಿನ ವಾದ್ಯದ ಭಾಗ ಮುಗಿದ ಮೇಲೆ ಕೋಬೇನ್ ಸಾಲನ್ನು ಬೇಗ ಶುರುಮಾಡಿ, ಥಟ್ಟನೆ ನಿಲ್ಲಿಸಿ, ಸರಿಯಾದ ಜಾಗದಲ್ಲಿ ಮತ್ತೆ ಹಿಡಿಯುತ್ತಾರೆ. ಎರಡು ಮಿಕ್ಸ್‌ನಲ್ಲೂ ಆ ಎಡವಟ್ಟು ಅದೇ ಜಾಗದಲ್ಲಿದೆ. ಡಿಜಿಸಿಯಂಥ ದೊಡ್ಡ ಕಂಪನಿಯ, ಹೊಳಪು ಹೆಚ್ಚೆಂದು ಬಯ್ಯಿಸಿಕೊಂಡ ಆಲ್ಬಂನಲ್ಲಿ ಹಾಡುಗಾರ ತಪ್ಪಿದ್ದನ್ನು ಯಾರೂ ತಿದ್ದಲಿಲ್ಲ!

ಕ್ಯಾಸೆಟ್

ಅಭ್ಯಾಸದ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿದೆ, ಆದರೆ ಹೋಲಿಕೆಗೆ ಅದು ದಕ್ಕುವುದಿಲ್ಲ. ಹೊಸ ಹಾಡುಗಳು ಹೇಗಿವೆ ಎಂದು ವಿಗ್‌ಗೆ ಅಂದಾಜು ಸಿಗಲೆಂದು ತಂಡ ಅಂಚೆಯಲ್ಲಿ ಕಳಿಸಿದ ಮುದ್ರಣ ಇದು; ಕೇಳಿದವರೇ ಸದ್ದು ಒಡೆದು ಚೂರಾಗಿತ್ತು ಎಂದಿದ್ದಾರೆ. ಇಂಥ ಯಂತ್ರಗಳಲ್ಲಿ ಸದ್ದನ್ನು ತಾನಾಗಿ ಹಿಡಿತದಲ್ಲಿಡುವ ಸರ್ಕ್ಯೂಟ್ ಇರುತ್ತದೆ. ಸಿಂಬಲ್ ಒಮ್ಮೆ ಬಿದ್ದರೆ ಉಳಿದದ್ದೆಲ್ಲ ಕುಗ್ಗಿ, ಮೆಲ್ಲಗೆ ಮೇಲೇಳುತ್ತದೆ. ಆದರೂ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಹಾಕಿದಾಗ ನಾಲ್ಕು ಸ್ವರಗುಚ್ಛಗಳ ಆ ಗಿಟಾರ್ ವರಸೆ, ಪಿಸುಮಾತಿನಿಂದ ಅಬ್ಬರಕ್ಕೆ ಜಿಗಿಯುವ ಕಟ್ಟು ಎಲ್ಲ ಅದರಲ್ಲಿವೆ. ಸಾಹಿತ್ಯ ಮಾತ್ರ ಇನ್ನೂ ಪೂರ್ತಿ ಕೂತಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ದೊಡ್ಡ ಅಂತರ ಇರುವುದು ಸ್ಮಾರ್ಟ್ ಮತ್ತು ಸೌಂಡ್ ಸಿಟಿಯ ನಡುವೆ: ಡ್ರಮ್ಮಿನ ತೂಕ, ಜೋಡಿ ಧ್ವನಿ, ಕ್ಲಿಕ್ ಟ್ರ್ಯಾಕ್. ಇವೆಲ್ಲ ಮೈಕ್ ಮುಂದೆಯೇ ತೀರ್ಮಾನವಾದವು. ವಾಲೇಸ್ ಸೇರಿಸಿದ್ದು ಕೋಣೆ ಮತ್ತು ಬಿಡುವು.

ಸದ್ಯ ಡಬ್ಬಿಯ ಟಾಗಲ್ ಸ್ವಿಚ್ ಬಿಚ್ಚಿ, ಮೂರು ಸ್ಥಾನದ ರೋಟರಿ ಸ್ವಿಚ್ ಕೂರಿಸುತ್ತಿದ್ದೇನೆ. 1991ರ ಸಿ.ಡಿ., 2011ರ ರೀಮಾಸ್ಟರ್ ಮತ್ತು ಡೆವನ್‌ಶೈರ್ ಮಿಕ್ಸ್ ಮೂರನ್ನೂ ಒಟ್ಟಿಗೆ ಓಡಿಸಬೇಕಿದೆ. ಇಂಟರ್‌ಫೇಸಿನಲ್ಲಿ ನಾಲ್ಕೇ ಹೊರದಾರಿ ಇರುವುದರಿಂದ ಮೂರನ್ನೂ ಮೋನೊಗೆ ಇಳಿಸಬೇಕಾಗುತ್ತದೆ. ಎಡ ಬಲದ ಹರವು ಆಗ ಕೇಳುವುದಿಲ್ಲ, ಸದ್ದನ್ನು ಎಷ್ಟು ಅದುಮಿದ್ದಾರೆಂದು ಅಳೆಯಲು ಅಷ್ಟು ಸಾಕು.